ಗಂಗಮ್ಮನ ನಲ್ಲಿಗೆ ಬೂಟಿನ ತೊಗಲು

ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಬೇಕು. ಹರಿಹರದ ಜಂಬಯ್ಯ ನಲ್ಲಿಯನ್ನು ನೋಡುತ್ತಿದ್ದ.

ಮೈಲಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದಾಗ ಅವನ ಮುಖ ಒಳ ಅಂಗಳದ ಕಡೆಗಿತ್ತು. ಅಲ್ಲಿ ಮೂಲೆಯಲ್ಲಿ ಹಿತ್ತಾಳೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್. ಒಂದಿಷ್ಟು ಸುಮ್ಮನಿದ್ದು ಮತ್ತೆ ಟಪ್. ತಿಂಗಳುಗಟ್ಟಲೆ ಕೇಳಿ ಕೇಳಿ ಮನೆಯವರ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಬಂದವನಿಗೆ ಬಿತ್ತು.

"ಏನ್ರಿ, ನಿಮ್ಮನೇ ನಲ್ಲಿಗೆ ನೆಗಡಿ ಹಿಡಿದೈತೇನು?" ಎಂದ.

ಅವನ ಸೋದರಮಾವ ಗಿಡ್ಡಪ್ಪ ಬಾಯಿತುಂಬ ಉಪ್ಪಿಟ್ಟು ಇಟ್ಟುಕೊಂಡೇ ನಕ್ಕ. "ನಮ್ಮ ಹರಿಹರದಾಗೆ ಈ ರಗಳೆ ಇಲ್ಲ ನೋಡ್ರಿ. ಹೊಳೆ ಐತೆ. ಕೊಡ ಅದ್ದಿದ್ರೆ ಆತು. ದಾವಣಗೆರೆಯೋರು ಪಾಪ, ಹನಿ ಹನಿ ಕೂಡಿಸಿ ಕುಡೀಬೇಕು."

ಮೈಲಮ್ಮ ತಟ್ಟೆ ಇಡುತ್ತಾ ಒಮ್ಮೆ ಕಣ್ಣೆತ್ತಿದಳು. ರೇಷ್ಮೆ ಅಂಗಿ. ಎಣ್ಣೆ ಸುರಿದು ಬಾಚಿದ ಕ್ರಾಪು. ಜೇಬಿನಿಂದ ಇಣುಕುವ ರೇಷ್ಮೆ ಕರವಸ್ತ್ರ. ಹೊಸ್ತಿಲಾಚೆ ಬಿಟ್ಟ ಕಪ್ಪು ಬೂಟುಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಬೀದಿಯಲ್ಲಿ ಹೋಗುವ ಕೋಳಿಯೊಂದು ನಿಂತು ಅವುಗಳಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿತ್ತು. ಹರಿಹರದ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಂತೆ. ಅಂಗಡಿಯ ಅರ್ಧ ಮಾಲು ಮೈಮೇಲೆಯೇ ಇದೆ ಅಂದುಕೊಂಡಳು. ಬೂಟಿಗೆ ತಿಕ್ಕಿದ್ದರ ಕಾಲುಭಾಗವನ್ನು ಬುದ್ಧಿಗೆ ತಿಕ್ಕಿದ್ದರೆ ಮನುಷ್ಯನಾಗುತ್ತಿದ್ದ.

ಆದರೆ ಆ ನಲ್ಲಿಯ ವಿಷಯದಲ್ಲಿ ನಗುವ ಹಾಗಿರಲಿಲ್ಲ. ಅದು ನಲ್ಲಿಯಲ್ಲ, ಗಂಗಮ್ಮ.

ಮೈಲಮ್ಮನ ಅಪ್ಪ ತಿಪ್ಪೇರುದ್ರಪ್ಪ ಕುಕ್ಕುವಾಡದ ಒಕ್ಕಲು ಮನೆಯವನು. ಅರಳೆ ಮಂಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸ ಸಿಕ್ಕಿ ದಾವಣಗೆರೆಗೆ ಬಂದ. ಹೆಂಡತಿ ತೀರಿಕೊಂಡಿದ್ದಳು, ಗಂಡನಿಲ್ಲದ ಅಕ್ಕ ಕಮಲಕ್ಕ ಬಂದು ಮನೆ ಹಿಡಿದಳು. ಊರಲ್ಲಿದ್ದಾಗ ಕೆರೆಯಲ್ಲಿ ಎಮ್ಮೆಯ ಪಕ್ಕ ನಿಂತು ಕೊಡ ತುಂಬಿಕೊಂಡ ಜನ, ಹಳೇಪೇಟೆಗೆ ಬಂದು ಮನೆಯೊಳಗೆ ನಲ್ಲಿ ಹಾಕಿಸಿಕೊಂಡದ್ದೇ ತಡ, ಮಡಿ ಕಲಿತುಬಿಟ್ಟರು. ಕಮಲಕ್ಕ ದಿನ ಬೆಳಗಾದರೆ ಆ ನಲ್ಲಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಅರಿಶಿನದ ದಾರ ಕಟ್ಟಿ, ಊದಿನಕಡ್ಡಿ ಬೆಳಗುತ್ತಿದ್ದಳು. ನೆರೆಯವರು ನೀರಿಗೆ ಬಂದರೆ ಕೊಡ ತೊಳೆದು ತೋರಿಸಬೇಕು. ಗಂಗಮ್ಮ ಸೋರತೊಡಗಿದಾಗ ರಿಪೇರಿಯವನನ್ನು ಕರೆಸೋಣವೆಂದು ಮೈಲಮ್ಮ ಹೇಳಿದ್ದಕ್ಕೆ, "ಯಾವ ಜಾತಿಯೋನೋ ಏನೋ, ಅವನ ಕೈ ಗಂಗಮ್ಮನ ಮೈಮ್ಯಾಲೆ?" ಎಂದು ಹೌಹಾರಿದಳು. ಮೊದಲು ಆ ನಲ್ಲಿಯನ್ನು ಕೂರಿಸಿದವನ ಜಾತಿಯನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ರಿಪೇರಿ ಎಂದರೆ ಮನೆಯಲ್ಲಿ ಒಂದೇ ಅರ್ಥ. ಗಂಡಸರು ಎದ್ದು ಹೋಗಿ ಬಿಗಿಯುವುದು. ತಿಪ್ಪೇರುದ್ರಪ್ಪ ಮಂಡಿಗೆ ಹೋಗುವಾಗ ಒಮ್ಮೆ ಬಿಗಿಯುವನು, ಬಂದು ಒಮ್ಮೆ ಬಿಗಿಯುವನು. ಊರಿಂದ ನೆಂಟರು ಬಂದರೆ ಅವರೂ ಪಂಚೆ ಮೇಲೆ ಕಟ್ಟಿ ತಮ್ಮ ಕೈ ಒಂದಿರಲಿ ಎಂದು ಬಿಗಿಯುವರು. ಬಿಗಿದಷ್ಟೂ ಅದು ಹೆಚ್ಚು ಸೋರುತ್ತಿತ್ತು. ಸೋರಿದಷ್ಟೂ ಇವರು ಹೆಚ್ಚು ಬಿಗಿಯುತ್ತಿದ್ದರು. ಬಿಗಿಯುವುದರಿಂದಲೇ ಸೋರುತ್ತಿರಬಹುದೆಂದು ಆ ಮನೆಯ ಒಂದು ಮೀಸೆಗೂ ಹೊಳೆದಿರಲಿಲ್ಲ.

ಇವತ್ತೂ ಹಾಗೆಯೇ ಆಯಿತು. ಬೀಗರ ಎದುರು ಮಾನ ಹೋಯಿತೆಂದು ತಿಪ್ಪೇರುದ್ರಪ್ಪ ಎದ್ದು ಬಿಗಿದ. ಟಪ್. ಗಿಡ್ಡಪ್ಪ ಕೈ ತೊಳೆಯುವ ನೆಪದಲ್ಲಿ ಹೋಗಿ ಬಿಗಿದ. ಟಪ್. ಆಗ ಜಂಬಯ್ಯ ರೇಷ್ಮೆ ತೋಳನ್ನು ಮಡಿಸುತ್ತಾ ಎದ್ದ.

"ಬಿಡ್ರಿ ಮಾವಾರೆ. ಇದಕ್ಕೆ ವಯಸ್ಸಿನ ಕೈ ಬೇಕು."

"ಇನ್ನೂ ತಾಂಬೂಲ ಹಿಡಿದಿಲ್ಲ, ಆಗ್ಲೇ ಮಾವಾರೆ," ಎಂದು ಮೈಲಮ್ಮ ಅಡುಗೆಮನೆಯ ಬಾಗಿಲ ಹಿಂದೆ ಗೊಣಗಿದಳು. ಗೊಣಗಿದ್ದು ಕೇಳಿಸಬೇಕೆಂದೇ ಗೊಣಗಿದ್ದು. ಅವನು ಒಮ್ಮೆ ಆ ಕಡೆ ತಿರುಗಿದ. ಬಾಗಿಲ ಸಂದಿಯಲ್ಲಿ ಒಂದು ಕಣ್ಣು, ಅರ್ಧ ಮೂಗುಬೊಟ್ಟು, ಮೇಲಕ್ಕೇರಿದ ಒಂದು ಹುಬ್ಬು ಮಾತ್ರ ಕಂಡವು. ಆ ಹುಬ್ಬನ್ನು ಕೆಳಗಿಳಿಸಲೇಬೇಕೆಂದು ಅವನಿಗೆ ಅನ್ನಿಸಿತೋ ಏನೋ, ಎರಡೂ ಕೈ ಹಾಕಿ, ಉಸಿರು ಕಟ್ಟಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ತಿರುವಿದ.

ಒಳಗೆ ಕಟ್ಟೆಂದಿತು. ಹನಿ ಹನಿಯಾಗಿ ಬೀಳುತ್ತಿದ್ದದ್ದು ದಾರವಾಗಿ ಇಳಿಯತೊಡಗಿತು.

ಜಂಬಯ್ಯ ಜೇಬಿನಿಂದ ಕರವಸ್ತ್ರ ಎಳೆದು, ನಲ್ಲಿಯ ಮೂತಿಗೆ ಸುತ್ತಿ, ಗಂಟು ಹಾಕಿದ.

"ಆತು. ಇನ್ನ ಟಪ್ ಅನ್ನಲ್ಲ, ನೋಡ್ರಿ."

ಅನ್ನಲಿಲ್ಲ ನಿಜ. ನೀರು ಬಟ್ಟೆ ಹಿಡಿದು ಸದ್ದಿಲ್ಲದೆ ಇಳಿಯುತ್ತಿತ್ತು. ಸೋರುವುದು ನಿಲ್ಲಲಿಲ್ಲ, ಸದ್ದು ಮಾತ್ರ ನಿಂತಿತು. ಗಂಡಸರ ರಿಪೇರಿ ಬಹುಮಟ್ಟಿಗೆ ಅಷ್ಟೇ.

ಹೊರಡುವಾಗ ಅವನು ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಂಡ. ಕಟ್ಟುತ್ತಾ ನಲ್ಲಿಯ ಕಡೆ ಒಮ್ಮೆ ನೋಡಿದ. ಮತ್ತೆ ಬಾಗಿಲ ಸಂದಿಯ ಕಡೆ. ಹುಬ್ಬು ಇನ್ನೂ ಮೇಲೆಯೇ ಇತ್ತು. ಅವನ ಕಿವಿಗಳೆರಡೂ ಕೆಂಪಾದವು. ಹಣ್ಣು ಮೆಣಸಿನಕಾಯಿಯ ಹಾಗೆ.

ಮೈಲಮ್ಮನಿಗೆ ಅವನಲ್ಲಿ ಕಂಡ ಮೊದಲ ಮರ್ಯಾದಸ್ಥ ಭಾಗವೆಂದರೆ ಆ ಕಿವಿಗಳೇ.

---

"ಹೆಣ್ಣು ನೋಡೋಕೆ ಬಂದ ದಿನ ಗಂಗಮ್ಮ ಕಣ್ಣೀರು ಹಾಕಿದ್ಲು," ಎಂದಳು ಕಮಲಕ್ಕ. "ಆಕಿಗೆ ಹರಿಹರ ಒಪ್ಪಿಗೆ ಇಲ್ಲ. ಆಕಿ ಕಣ್ಣೊರೆಸ್ಕಳ್ಳೋವರೆಗೂ ಆ ಕಡೆ ಮಾತಾಡೋದು ಬ್ಯಾಡ."

ತಿಪ್ಪೇರುದ್ರಪ್ಪ ಮಂಡಿಯಲ್ಲಿ ಹತ್ತು ಜನರಿಗೆ ಜೋರು ಮಾಡುವವನು, ಅಕ್ಕನೆದುರು ಹತ್ತಿಗಿಂತ ಹಗುರ. ಹೂಂ ಎಂದ. ಹರಿಹರಕ್ಕೆ ಮಾತು ಹೋಗಲಿಲ್ಲ.

ಹೋಗದಿದ್ದರೆ ಹೋಗಲಿ ಎಂದು ಮೈಲಮ್ಮ ಸುಮ್ಮನಿದ್ದಳು. ಆದರೆ ಕಮಲಕ್ಕ ಸುಮ್ಮನಿರುವ ಪೈಕಿಯಲ್ಲ. ಭಾನುವಳ್ಳಿಯ ಕಾಟಪ್ಪನ ಮಾತು ತೆಗೆದಳು. ನಾಲೆ ಗದ್ದೆಯಿದ್ದವನು, ಹೆಂಡತಿ ಸತ್ತವನು. ಅವನೊಮ್ಮೆ ಬಂದು ಹೋದ. ಉಂಡ, ಗೋಡೆಗೊರಗಿ ಗೊರಕೆ ಹೊಡೆದ, ಎದ್ದವನು "ಹುಡುಗಿಗೆ ಭತ್ತ ಕುಟ್ಟೋಕೆ ಬರ್ತೈತಾ?" ಎಂದು ಕೇಳಿ ಹೋದ. ನಲ್ಲಿ ಸೋರುವುದನ್ನು ಅವನು ಕಾಣಲೇ ಇಲ್ಲ. ಹುಡುಗಿಯನ್ನೂ ಕಾಣಲಿಲ್ಲ.

ಮೈಲಮ್ಮ ಆ ದಿನಗಳಲ್ಲಿ ನೀರು ಹಿಡಿಯಲು ಕೂತಾಗೆಲ್ಲ ನಲ್ಲಿಯ ಕುತ್ತಿಗೆಯ ಕರವಸ್ತ್ರವನ್ನು ನೋಡುತ್ತಿದ್ದಳು. ಅದರ ಬಣ್ಣ ಹೋಗಿತ್ತು, ಅಂಚಿಗೆ ಪಾಚಿ ಹಿಡಿದಿತ್ತು. ಎಂಥ ದಡ್ಡನ ಕೈಗಂಟು ಅಂದುಕೊಳ್ಳುವಳು. ಬಿಚ್ಚಿ ಬಿಸಾಡಬಹುದಿತ್ತು. ಬಿಸಾಡಲಿಲ್ಲ. ಕಂಡದ್ದಕ್ಕೆ ನಕ್ಕು, ಕೆಡಿಸಿದ್ದಕ್ಕೆ ಕಿವಿ ಕೆಂಪು ಮಾಡಿಕೊಂಡವನು ಒಬ್ಬ. ಕಾಣದೆಯೇ ಗೊರಕೆ ಹೊಡೆದವನು ಒಬ್ಬ. ಇಬ್ಬರೂ ಅವಳಿಗೆ ತಕ್ಕವರಲ್ಲ, ಅದರಲ್ಲಿ ಅನುಮಾನವಿರಲಿಲ್ಲ. ಆದರೂ ಆ ಕಿವಿಗಳು ನೆನಪಾಗುತ್ತಿದ್ದವು.

ಶಿವರಾತ್ರಿಯ ಮುನ್ನಾದಿನ ಕಮಲಕ್ಕ ತಮ್ಮನನ್ನು ಹೊರಡಿಸಿಕೊಂಡು ಕಾಟಪ್ಪನ ಮನೆ ನೋಡಲು ಭಾನುವಳ್ಳಿಯ ಬಸ್ಸು ಹತ್ತಿದಳು. "ಮನೆ ಚೊಲೋ ಇದ್ರೆ ಮಾತು ಮುಗಿಸ್ಕಂಡೇ ಬರ್ತೀವಿ," ಎಂದಳು. ಮೈಲಮ್ಮನ ಕಾವಲಿಗೆ ಪಕ್ಕದ ಮನೆಯ ಯಲ್ಲಕ್ಕನನ್ನು ಜಗಲಿಯ ಮೇಲೆ ಕೂರಿಸಿದಳು. ಯಲ್ಲಕ್ಕ ಮೊರದಲ್ಲಿ ಜೋಳ ಹಾಕಿಕೊಂಡು, ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡು, ಎರಡನ್ನೂ ಆಡಿಸುತ್ತಾ ಕೂತಳು.

ಬಿಸಿಲೇರಿದ ಹೊತ್ತಿಗೆ ಹೊಸ್ತಿಲ ಮುಂದೆ ಬೂಟಿನ ಸದ್ದಾಯಿತು.

"ಯಾರು?" ಎಂದಳು ಮೈಲಮ್ಮ ಒಳಗಿಂದ. ಯಾರೆಂದು ಗೊತ್ತಿದ್ದೂ.

"ಹರಿಹರ."

"ಹರಿಹರ ಊರ ಹೆಸರು. ಮನುಷ್ಯರಿಗೆ ಬ್ಯಾರೆ ಹೆಸರಿರ್ತಾವೆ."

"ಜಂಬಯ್ಯ ರೀ. ಅವತ್ತು... ಕರವಸ್ತ್ರ ಬಿಟ್ಟು ಹೋಗಿದ್ದೆ."

ಯಲ್ಲಕ್ಕ ಮೊರ ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕರವಸ್ತ್ರಕ್ಕೆ ಹರಿಹರದಿಂದ ಬಂದ್ಯೇನಪ್ಪಾ? ಬಸ್ ಚಾರ್ಜಿಗೆ ಹೊಸಾದೇ ಬರ್ತಿತ್ತಲ್ಲ."

ಮೈಲಮ್ಮ ಬಾಗಿಲಿಗೆ ಬಂದಳು. ಹುಬ್ಬನ್ನು ಜೊತೆಗೇ ತಂದಿದ್ದಳು. "ನಿಮ್ಮ ಕರವಸ್ತ್ರ ಗಂಗಮ್ಮನ ಸಿಂಬಳ ಒರೆಸಿ ಒರೆಸಿ ಪಾಚಿಗಟ್ಟೈತೆ. ತಗಂಡೋಗ್ರಿ."

ಅವನು ಬೂಟು ಬಿಟ್ಟು ಒಳಗೆ ಬಂದ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಂಗಳದ ಚಪ್ಪಡಿಯ ಮೇಲೆ ಇಟ್ಟಾಗ ಖಣ್ಣೆಂದಿತು.

"ಚೀಲದಾಗೇನೈತೆ?"

"ಏನಿಲ್ಲ."

"ಏನಿಲ್ಲ ಅನ್ನೋದು ಖಣ್ ಅಂತೈತಲ್ಲ!"

ಅವನು ತೆಗೆದು ತೋರಿಸಿದ. ನಟ್ಟು ತಿರುವುವ ಕಬ್ಬಿಣದ ದೊಡ್ಡ ಪಾನಾ. ಓಣಿಯ ಯಾರಿಂದಲೋ ಕಡ ತಂದದ್ದು, ಹಿಡಿಗೆ ಇನ್ನೂ ಗ್ರೀಸು ಮೆತ್ತಿತ್ತು. ಅದು ತಗುಲಿ ರೇಷ್ಮೆ ಅಂಗಿಯ ತೋಳು ಕಪ್ಪಾಗಿತ್ತು. ಮೈಲಮ್ಮ ಪಾನಾವನ್ನು ನೋಡಿದಳು, ಕಪ್ಪು ತೋಳನ್ನು ನೋಡಿದಳು, ಆಮೇಲೆ ಅವನ ಕಿವಿಗಳನ್ನು ನೋಡಿದಳು. ಆಗಲೇ ಹಣ್ಣಾಗುತ್ತಿದ್ದವು.

"ಓಹೋ. ರಿಪೇರಿ ಮಾಡೋಕೆ ಬಂದೀರಿ. ನಿಮಗೆ ಬರ್ತೈತಾ?"

"ಇಲ್ಲ," ಎಂದ ಜಂಬಯ್ಯ. "ನಂಗೆ ಬರಲ್ಲ."

ಮೈಲಮ್ಮ ಮತ್ತೊಮ್ಮೆ ಪಾನಾವನ್ನು ನೋಡಿದಳು.

"ಅವತ್ತೂ ಬರ್ತಿರಲಿಲ್ಲ," ಎಂದ ಅವನು, ನೆಲ ನೋಡುತ್ತಾ. "ಕಟ್ ಅಂದಿತಲ್ಲ, ಅದು ನಾನು ಕೆಡಿಸಿದ್ದು. ಬಸ್ಸಿನಾಗೆ ಹೋಗೋವಾಗ್ಲೇ ಗೊತ್ತಿತ್ತು. ಮಾವ ನಗ್ತಾನಂತ ಬಾಯಿ ಬಿಡ್ಲಿಲ್ಲ. ನೀವು ಬಾಗಿಲ ಸಂದ್ಯಾಗಿಂದ ನೋಡಿದ್ರಲ್ಲ, ಅದು ಅಂಗಡ್ಯಾಗೆ ಬಟ್ಟೆ ಹರಿಯೋವಾಗ್ಲೂ ಕಣ್ಮುಂದೆ ಬರ್ತೈತ್ರಿ. ಗಜ ಅಳೆಯೋದು ತಪ್ಪುತೈತೆ."

ನಂಗೆ ಬರಲ್ಲ. ಆ ಮನೆಯ ಗೋಡೆಗಳು ಆ ಮಾತನ್ನು ಒಬ್ಬ ಗಂಡಸಿನ ಬಾಯಿಂದ ಅಲ್ಲಿಯವರೆಗೆ ಕೇಳಿರಲಿಲ್ಲ. ಮೈಲಮ್ಮನಿಗೆ ತನ್ನ ಹುಬ್ಬು ತಾನಾಗಿ ಇಳಿಯುತ್ತಿರುವುದು ತಿಳಿಯಿತು. ಸಿಟ್ಟು ಬಂದು ಅದನ್ನು ಮತ್ತೆ ಏರಿಸಿದಳು.

"ತರ್ರಿ ಇಲ್ಲಿ," ಎಂದು ಪಾನಾ ಕಿತ್ತುಕೊಂಡಳು. "ಬಿಗಿಯೋದು ಎಲ್ಲಾರಿಗೂ ಬರ್ತೈತೆ. ಬಿಚ್ಚಿ ನೋಡಾನ, ಒಳಗೇನೈತೆ ಅಂತ."

"ಗಂಗಮ್ಮನ್ನ ಬಿಚ್ಚುತೀಯೇನೇ?" ಯಲ್ಲಕ್ಕ ಬಾಯಿಯ ಎಲೆಯಡಿಕೆಯನ್ನು ದವಡೆಗೆ ಸರಿಸಿದಳು. "ನಿಮ್ಮತ್ತೆ ಬಂದ್ರೆ ನಿನ್ನ ಬಿಚ್ಚುತಾಳೆ."

"ನೀ ನೋಡಿಲ್ಲ ಯಲ್ಲಕ್ಕಾ. ನೀ ಜೋಳ ನೋಡ್ತಿದ್ದಿ."

"ಹೂಂ, ನಾ ಜೋಳ ನೋಡ್ತಿದ್ದೀನಿ," ಎಂದು ಯಲ್ಲಕ್ಕ ಮೊರವನ್ನು ಅಂಗಳ ಚೆನ್ನಾಗಿ ಕಾಣುವ ಕಡೆಗೆ ತಿರುಗಿಸಿಕೊಂಡಳು.

ಪೇಟೆಯಲ್ಲಿ ನೀರು ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತಿತ್ತು. ಕೊಳವೆ ಒಣಗಿದಾಗಲೇ ಬಿಚ್ಚಬೇಕೆಂಬಷ್ಟು ಅವಳಿಗೆ ಗೊತ್ತಿತ್ತು, ಅದೀಗ ಒಣಗಿತ್ತು. ಮೊದಲು ಕರವಸ್ತ್ರ ಬಿಚ್ಚಿದಳು. ಆಮೇಲೆ ಅಡಿಕೆ ಕತ್ತರಿಸುವ ಅಡಕತ್ತಿನ ತುದಿಯಿಂದ ಕಮಲಕ್ಕನ ಭಕ್ತಿಯನ್ನು ಕೆರೆದಳು. ವಿಭೂತಿ, ಕುಂಕುಮ, ಅರಿಶಿನ, ಮತ್ತೆ ವಿಭೂತಿ. ಪದರ ಪದರವಾಗಿ ಗಾರೆಯಂತೆ ಗಟ್ಟಿಯಾಗಿತ್ತು. ಅದರಡಿಯಲ್ಲಿ ಆರು ಮೂಲೆಯ ಹಿತ್ತಾಳೆ ಕಂಡಿತು. ಪಾನಾ ಕಚ್ಚಿಸಿ, ಕಾಲು ಊರಿ, ಎಳೆದಳು. ಕಿರ್ರೆಂದು ಸಡಿಲಾಯಿತು. ತಲೆಯ ಭಾಗ ತಿರುಗುತ್ತಾ ತಿರುಗುತ್ತಾ ಪೂರ್ತಿ ಕೈಗೆ ಬಂತು.

ತಳದಲ್ಲಿ ಕಪ್ಪಗಿನ ಸಣ್ಣ ಬಿಲ್ಲೆ. ಬಿಗಿದು ಬಿಗಿದು ನಡುವೆ ಸೀಳಿ, ನಾಯಿ ಅಗಿದು ಬಿಟ್ಟಂತೆ ಚಿಂದಿಯಾಗಿತ್ತು. ಮೈಲಮ್ಮ ಅದನ್ನು ಬೆರಳಲ್ಲಿ ತಿಕ್ಕಿದಳು, ಮೂಗಿಗೆ ಹಿಡಿದಳು. ಕಣ್ಣು ಅಗಲವಾಯಿತು.

"ಯಲ್ಲಕ್ಕಾ. ತೊಗಲು!"

"ಶಿವಶಿವಾ! ಗಂಗಮ್ಮನ ಹೊಟ್ಟ್ಯಾಗೆ ತೊಗಲಾ?"

"ನಮ್ಮತ್ತೆ ಇಷ್ಟು ವರ್ಷ ಊದಿನಕಡ್ಡಿ ಬೆಳಗಿದ್ದು ಇದಕ್ಕೇ!"

ಮೈಲಮ್ಮನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿದರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು, ಮೂಗುಬೊಟ್ಟು ನಡುಗಿತು, ಜಾರಿದ ಒಂದು ಎಳೆ ಕೂದಲು ಕೆನ್ನೆಗೆ ಅಂಟಿತು. ಜಂಬಯ್ಯ ನೋಡುತ್ತಾ ನಿಂತ. ಹೆಣ್ಣು ನೋಡಲು ಬಂದವನು ಹೆಣ್ಣನ್ನು ನೋಡಿದ್ದು ಆಗಲೇ.

"ಏನು ನೋಡ್ತೀರಿ?"

"ಜೋಳ," ಎಂದ ಅವನು.

ಅಷ್ಟರಲ್ಲಿ ಕೊಳವೆ ಗೊಳಕ್ ಎಂದಿತು. ನಾಳೆ ಹಬ್ಬವೆಂದು ನೀರು ಬಿಡುವವನು ಆ ಮಧ್ಯಾಹ್ನ ಇನ್ನೊಂದು ಸರದಿ ಬಿಟ್ಟಿದ್ದ. ಮೊದಲು ಗಾಳಿ ಬುಸುಗುಟ್ಟಿತು. ಆಮೇಲೆ ತಲೆಯಿಲ್ಲದ ನಲ್ಲಿಯಿಂದ ನೀರು ಹೆಂಚಿನವರೆಗೆ ನೆಗೆಯಿತು. ಯಲ್ಲಕ್ಕನ ಜೋಳ ತೊಯ್ದಿತು, ತುಳಸಿ ತೊಯ್ದಿತು, ಕ್ರಾಪು ತೊಯ್ದು ಹಣೆಗಿಳಿಯಿತು.

"ಒತ್ತಿ ಹಿಡೀರಿ!" ಎಂದು ಮೈಲಮ್ಮ ಕೂಗಿದಳು. "ಅವತ್ತು ತೋರಿಸಿದ್ರಲ್ಲ ವಯಸ್ಸಿನ ಕೈ, ಅದನ್ನ ಈಗ ತೋರಿಸ್ರಿ!"

ಜಂಬಯ್ಯ ಮೊಣಕಾಲೂರಿ ಎರಡೂ ಅಂಗೈಗಳಿಂದ ನಲ್ಲಿಯ ಬಾಯಿ ಮುಚ್ಚಿದ. ಬೆರಳ ಸಂದಿಯಿಂದ ನೀರು ಅವನ ಮುಖಕ್ಕೇ ಚಿಮ್ಮುತ್ತಿತ್ತು. ಉಗುಳುತ್ತಾ, ಕಣ್ಣು ಮುಚ್ಚಿ ತೆರೆಯುತ್ತಾ, ಕೈ ಮಾತ್ರ ಬಿಡಲಿಲ್ಲ.

"ಹಳೇ ತೊಗಲು ಚಿಂದಿ ಆಗೈತೆ. ಹೊಸದು ಬೇಕು," ಎಂದಳು ಮೈಲಮ್ಮ. "ಅಪ್ಪನ ಮೆಟ್ಟು ಅಪ್ಪನ ಕಾಲಾಗೆ ಭಾನುವಳ್ಳಿಗೆ ಹೋಗ್ಯಾವೆ. ಮನ್ಯಾಗೆ ಬ್ಯಾರೆ ತೊಗಲಿಲ್ಲ."

ಅವಳ ಕಣ್ಣು ಹೊಸ್ತಿಲಿಗೆ ಹೋಯಿತು. ಅವನ ಕಣ್ಣೂ ಹೋಯಿತು. ಬೂಟುಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು.

"ಬ್ಯಾಡ," ಎಂದ ಜಂಬಯ್ಯ. "ಅವು ಹೊಸವು."

"ಸರಿ ಬಿಡ್ರಿ. ಹಂಗೇ ಕೈ ಒತ್ಕಂಡು ಕೂಡ್ರಿ, ಸಂಜೀಗೆ ಅಪ್ಪ, ಅತ್ತೆ ಬರ್ತಾರೆ. ಕಾಟಪ್ಪನ ಸಂಬಂಧ ಮುಗಿಸ್ಕಂಡು ಬರ್ತಾರೆ. ಸಿಹಿಸುದ್ದಿ ನೀವೇ ಮೊದ್ಲು ಕೇಳಬೋದು."

"ಯಾವ ಕಾಟಪ್ಪ?"

"ಭಾನುವಳ್ಳ್ಯೋನು. ನಾಲೆ ಗದ್ದೆ ಐತಂತೆ. ನೀವು ಬಂದ ದಿನ ಗಂಗಮ್ಮ ಅತ್ತಳಲ್ಲ, ಅದು ನಿಂತಿದ್ರೆ ಹರಿಹರ. ನಿಲ್ದಿದ್ರೆ ಭಾನುವಳ್ಳಿ. ನಮ್ಮನ್ಯಾಗೆ ಲಗ್ನ ಮಾಡೋದು ನಲ್ಲಿ ರೀ."

ಅವನು ಅವಳ ಮುಖ ನೋಡಿದ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. ಆದರೆ ಅವಳು ಅಡಕತ್ತು ಹಿಡಿದು ಅವನ ಉತ್ತರಕ್ಕೆ ಕಾದೇ ನಿಂತಿದ್ದಳು.

"ಕತ್ತರ್ಸು," ಎಂದ.

ಇಷ್ಟು ಹೊತ್ತೂ ಇದ್ದ ಬಹುವಚನ ಎಲ್ಲಿ ಹೋಯಿತೋ, ಇಬ್ಬರೂ ಹುಡುಕಲಿಲ್ಲ.

"ಯಾವುದು? ಎಡದ್ದೋ ಬಲದ್ದೋ?"

"ಯಾವುದಾದ್ರೂ. ಜಲ್ದಿ!"

ಕೈಗೆ ಸಿಕ್ಕ ಬಲಗಾಲಿನ ಬೂಟನ್ನು ಎತ್ತಿ ತಂದಳು. ಅದರ ದಾರದ ಕೆಳಗೆ ನಾಲಿಗೆಯಂತೆ ಚಾಚಿದ ತೊಗಲಿನ ಪಟ್ಟಿ ಮೆತ್ತಗಿತ್ತು. ಮೈಲಮ್ಮ ಹಳೆಯ ಚಿಂದಿಯನ್ನು ಅದರ ಮೇಲಿಟ್ಟು ಅಡಕತ್ತಿನಿಂದ ದುಂಡಗೆ ಕತ್ತರಿಸಿದಳು. ತೆಳ್ಳಗಾಯಿತೆಂದು ಪಕ್ಕದಲ್ಲೇ ಇನ್ನೊಂದು ಕತ್ತರಿಸಿದಳು. ಎರಡನ್ನೂ ಒಂದರ ಮೇಲೊಂದಿಟ್ಟು ದಬ್ಬಳದಿಂದ ನಡುವೆ ತೂತು ಮಾಡಿದಳು. ಆಮೇಲೆ ಅಡುಗೆಮನೆಗೆ ಓಡಿ ಹರಳೆಣ್ಣೆಯಲ್ಲಿ ಅದ್ದಿ ತಂದಳು. ಕುಕ್ಕುವಾಡದ ಹೊಲದಲ್ಲಿ ಅವಳಜ್ಜ ಎತ್ತು ಹೂಡಿ ಕಪಿಲೆ ಹೊಡೆಯುತ್ತಿದ್ದಾಗ, ನೀರೆತ್ತುವ ದೊಡ್ಡ ತೊಗಲ ಬಾನಿಗೆ ಹರಳೆಣ್ಣೆ ತಿಕ್ಕುತ್ತಿದ್ದದ್ದನ್ನು ಚಿಕ್ಕವಳಿದ್ದಾಗ ನೋಡಿದ್ದಳು. ಎಣ್ಣೆ ಕುಡಿದ ತೊಗಲು ನೀರು ಹಿಡಿಯುತ್ತದೆ, ಒಣ ತೊಗಲು ಸೀಳುತ್ತದೆ.

"ನಾ ಹೂಂ ಅಂದಾಗ ಕೈ ಸರಿಸು," ಎಂದಳು. ಅವಳ ಬಹುವಚನವೂ ಹೋಗಿತ್ತು. "ಹೂಂ!"

ಅವನ ಅಂಗೈ ಸರಿಯಿತು, ಅವಳ ಕೈ ಬಂತು, ನಡುವೆ ನೀರು ಇಬ್ಬರಿಗೂ ಬಡಿಯಿತು. ಒಂದು ಸುತ್ತು ತಪ್ಪಿತು. ಅವನ ಬೆರಳುಗಳು ಅವಳ ಬೆರಳುಗಳ ಮೇಲೆ ಕೂತು ಒತ್ತಿ ಹಿಡಿದವು. ಎರಡನೆಯ ಸಲ ತಿರುಪು ಕಚ್ಚಿತು. ಸುತ್ತು, ಇನ್ನೊಂದು ಸುತ್ತು. ಪಾನಾ ಹಾಕಿ ಎಳೆದಳು. ಮೇಲಿನ ಹಿಡಿಯನ್ನು ಮೆಲ್ಲಗೆ ತಿರುವಿದಳು.

ನಿಂತಿತು.

ಯಲ್ಲಕ್ಕನ ಮೊರದಲ್ಲಿ ಒದ್ದೆ ಜೋಳ ಸರಿಯುವುದು ಕೇಳಿಸಿತು. ಓಣಿಯಾಚೆ ಯಾರೋ ಹಿಟ್ಟು ಜರಡಿ ಹಿಡಿಯುವುದು ಕೇಳಿಸಿತು.

ಜಂಬಯ್ಯನ ಕೈ ತಾನಾಗಿ ನಲ್ಲಿಯ ಕಡೆ ಚಾಚಿತು, ಇನ್ನೊಂಚೂರು ಬಿಗಿಯೋಣವೆಂದು. ಮೈಲಮ್ಮ ಛಟೀರೆಂದು ಹೊಡೆದಳು.

"ಎರಡು ಬೆರಳು ಸಾಕು. ಬಿಗಿದು ಬಿಗಿದೇ ಅದನ್ನ ಕೊಂದಿದ್ದು, ನೀವೆಲ್ಲ ಸೇರಿ."

ಅವನು ಕೈ ತಿಕ್ಕಿಕೊಳ್ಳುತ್ತಾ ನಕ್ಕ. ಅವಳು ವಿಭೂತಿ, ಕುಂಕುಮ, ದಾರ ಎಲ್ಲವನ್ನೂ ಮೊದಲಿನಂತೆ ಬಳಿದು ಕಟ್ಟಿದಳು. ಅವನು ಹೊಸ್ತಿಲಲ್ಲಿ ಕೂತು, ಬಲಗಾಲಿನ ಬೂಟಿನ ಎರಡು ದುಂಡು ತೂತುಗಳ ಮೇಲೆ ದಾರ ಎಳೆದು ಕಟ್ಟಿದ. ತೂತಿನಲ್ಲಿ ಒದ್ದೆ ಕಾಲಿನ ಚರ್ಮ ಇಣುಕುತ್ತಿತ್ತು.

"ಕರವಸ್ತ್ರ?" ಎಂದ.

"ಒಗೆದು ಕೊಡ್ತೀನಿ."

"ಯಾವಾಗ?"

"ಕಾಟಪ್ಪನ್ನ ಕೇಳಿ ಹೇಳ್ತೀನಿ," ಎಂದು ಮೈಲಮ್ಮ ಬಾಗಿಲು ಹಾಕಿಕೊಂಡಳು. ಸಂದಿ ಬಿಟ್ಟೇ ಹಾಕಿಕೊಂಡಳು.

---

ಸಂಜೆ ಬಂದ ಕಮಲಕ್ಕ ಕಾಲು ತೊಳೆಯಲು ಅಂಗಳಕ್ಕಿಳಿದವಳು ಹಾಗೆಯೇ ನಿಂತಳು. ನಲ್ಲಿಯ ಮುಂದೆ ಬಗ್ಗಿ ನೋಡಿದಳು. ಮೂತಿಯಡಿ ಬೆರಳಿಟ್ಟಳು. ಹಬ್ಬದ ಸರದಿಯ ನೀರು ಕೊಳವೆಯಲ್ಲಿ ಇನ್ನೂ ಇತ್ತು, ಆದರೂ ಬೆರಳು ಒಣಗಿಯೇ ಇತ್ತು.

"ತಿಪ್ಪೇರುದ್ರಾ! ನಾ ಬಸ್ಸಿನಾಗೆ ಬೇಡ್ಕಂಡಿದ್ದೆ ಕಣೋ. ತಾಯೀ, ಹರಿಹರವೋ ಭಾನುವಳ್ಳಿಯೋ, ನೀನೇ ತೋರ್ಸು ಅಂತ. ಕಣ್ಣೊರೆಸ್ಕಂಡ್ಳು ನೋಡು! ಭಾನುವಳ್ಳ್ಯೋರಿಗೆ ಬ್ಯಾಡ ಅಂತ ಹೇಳಿ ಕಳಿಸು."

"ಅಲ್ಲೇ ಇದ್ದಾಗ ಮನೆ ಚೊಲೋ ಐತೆ ಅಂದ್ಯಲ್ಲಕ್ಕಾ?"

"ಗಂಗಮ್ಮನ್ನ ಮೀರಿಸ್ತೀಯೇನು?"

ಹಳೇಪೇಟೆಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಕಮಲಕ್ಕನ ಮಾತಿಗೆ ಗಂಗೆ ನಿಂತಳಂತೆ ಎಂದು ಕೈ ಮುಗಿದರು. "ನಾನೇ ನೋಡ್ದೆ," ಎಂದು ಯಲ್ಲಕ್ಕ ಎಲೆಯಡಿಕೆ ಅಗಿಯುತ್ತಾ ಸಾಕ್ಷಿ ಹೇಳಿದಳು. "ಮಧ್ಯಾಹ್ನ ಇದ್ದಕ್ಕಿದ್ದಂಗೆ ನಿಂತುಬಿಡ್ತು." ನಂಬುವ ಜನ ಸಿಕ್ಕರೆ ಪವಾಡಕ್ಕೇನು ಬರ.

ಹರಿಹರದವರು ನಿಶ್ಚಯದ ತಾಂಬೂಲಕ್ಕೆ ಬಂದರು. ಗಿಡ್ಡಪ್ಪ ಮೊದಲಿನಂತೆಯೇ ಹೊಳೆಯ ಮಾತು ತೆಗೆದು ಉಪ್ಪಿಟ್ಟಿಗೆ ಕೈ ಹಾಕಿದ. ಜಂಬಯ್ಯ ಬೂಟುಗಳನ್ನು ಹೊಸ್ತಿಲಾಚೆ ಗೋಡೆಗೆ ಒತ್ತಿ ಬಿಟ್ಟು ಬಂದಿದ್ದ. ಆದರೆ ಬರುವವರ ಕಾಲು ತಗುಲಿ ಬಲಗಾಲಿನದು ಮಗ್ಗುಲಾಗಿ ಬಿದ್ದಿತ್ತು.

ಆರತಿಯ ನೀರು ಚೆಲ್ಲಿ ಬರಲು ಹೋದ ಕಮಲಕ್ಕ ಅದನ್ನು ಕಂಡಳು.

ಮೈಲಮ್ಮ ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದಳು. ಅತ್ತೆ ಬಗ್ಗಿದಳು. ಎರಡು ದುಂಡು ತೂತುಗಳ ಕಡೆ ದಿಟ್ಟಿಸಿದಳು. ತಲೆಯೆತ್ತಿ ನಲ್ಲಿಯ ಕಡೆ ನೋಡಿದಳು. ಆಮೇಲೆ ನೇರವಾಗಿ ಮೈಲಮ್ಮನ ಕಡೆ. ಮೈಲಮ್ಮ ಬಾಳೆಹಣ್ಣಿನ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಪಡಸಾಲೆಯಲ್ಲಿ ತೆಂಗಿನಕಾಯಿ ಇನ್ನೂ ಕೈ ಬದಲಾಯಿಸಿರಲಿಲ್ಲ. ಗಂಗಮ್ಮನ ಹೊಟ್ಟೆಗೆ ಬೂಟು ಹಾಕಿದರು ಎಂದು ಒಂದು ಕೂಗು ಎದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ತೊಗಲು ಮುಟ್ಟಿದರೆ ಸ್ನಾನ ಮಾಡುವ ಕಮಲಕ್ಕ, ತನ್ನ ಕೈಯಾರೆ ಆ ಬೂಟನ್ನು ಎತ್ತಿ, ಜಗಲಿಯ ಕೆಳಗೆ ಒಳಗಿನ ಮೂಲೆಗೆ ತಳ್ಳಿದಳು.

"ಏನಪ್ಪಾ ಹುಡುಗಾ," ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. "ನಿಮ್ಮ ಹರಿಹರದಾಗೆ ಇಲಿ ಕಾಟ ಭಾಳ ಏನು? ಬೂಟೆಲ್ಲ ಕಡಿದು ಹಾಕ್ಯಾವೆ!"

"ಹೂಂ ರೀ," ಎಂದ ಜಂಬಯ್ಯ. ಕಿವಿಗಳು ಉರಿಯುತ್ತಿದ್ದವು. "ಒಂದೇ ಇಲಿ. ಭಾಳ ಜೋರೈತೆ."

ಕಮಲಕ್ಕ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ತೊಳೆದ ಕೈಯಿಂದಲೇ ಅದಕ್ಕೆ ಕುಂಕುಮವಿಟ್ಟಳು, ಯಾವ ತೊಂದರೆಯೂ ಇಲ್ಲದವಳಂತೆ. ಮೈಲಮ್ಮನ ಪಕ್ಕ ಹಾದು ಹೋಗುವಾಗ ತುಟಿ ಅಲುಗಿಸದೆ ಕೇಳಿದಳು:

"ಹರಳೆಣ್ಣೆ ಹಚ್ಚಿದ್ಯಾ?"

"ಹಚ್ಚೀನಿ ಅತ್ತೆ."

"ಹಂಗಾರೆ ಬಾಳಿಕೆ ಬರ್ತೈತೆ. ನಮ್ಮಪ್ಪನ ಕಪಿಲೆ ಬಾನಿ ಎಷ್ಟು ವರ್ಷ ಬಂದಿತ್ತು," ಎಂದು ಕಮಲಕ್ಕ ಪಡಸಾಲೆಗೆ ಹೋಗಿ, ಗಂಗಮ್ಮ ತನ್ನ ಮಾತಿಗೆ ಹೇಗೆ ಒಲಿದಳೆಂಬ ಕಥೆಯನ್ನು ಗಿಡ್ಡಪ್ಪನಿಗೆ ಮೊದಲಿನಿಂದ ಶುರು ಮಾಡಿದಳು.

ಮುದುಕಿಗೆ ಎಲ್ಲ ಗೊತ್ತಿತ್ತು. ಮಡಿ ಎಂಬುದು ನೆರೆಯವರು ನೋಡುತ್ತಿರುವಾಗ ಉಡುವ ಸೀರೆಯೆಂದೂ ಗೊತ್ತಿತ್ತು. ಸಂಬಂಧ ಮುರಿದು ನಗೆಪಾಟಲಾಗುವುದಕ್ಕಿಂತ ಪವಾಡದ ಒಡತಿಯಾಗುವುದು ವಾಸಿ ಎಂಬ ಲೆಕ್ಕವೂ ಗೊತ್ತಿತ್ತು.

ತಾಂಬೂಲ ಕೈ ಬದಲಾಯಿಸಿತು. ಜಂಬಯ್ಯ ಕೈ ತೊಳೆಯುವ ನೆಪದಲ್ಲಿ ಅಂಗಳಕ್ಕೆ ಬಂದ. ಮೈಲಮ್ಮ ಕೊಡ ತುಂಬುತ್ತಿದ್ದಳು. ಸೊಂಟದಲ್ಲಿ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ನೀಡಿದಳು. ಪಾಚಿ ಹೋಗಿತ್ತು, ಕುಂಕುಮದ ಕಲೆ ಹೋಗಿರಲಿಲ್ಲ.

"ಕಾಟಪ್ಪನ್ನ ಕೇಳಿದ್ಯಾ?" ಎಂದ.

"ಕೇಳ್ದೆ. ಗೊರಕೆ ಹೊಡೀತಿದ್ದ."

ಅವನು ಕೈ ತೊಳೆದು ನಲ್ಲಿ ನಿಲ್ಲಿಸಿದ. ಎರಡೇ ಬೆರಳಲ್ಲಿ. ಆಮೇಲೆ ಅವಳ ಮುಖ ನೋಡಿದ, ಅನುಮತಿ ಕೇಳುವವನಂತೆ. ಹುಬ್ಬು ಏರಲಿಲ್ಲ. ಅದರ ಬದಲು ತುಟಿಯ ಒಂದು ಕೊನೆ ಏರಿತು.

"ಮೈಲೂ," ಎಂದ ಅವನು. ದನಿ ಸಣ್ಣಗಿತ್ತು. "ಆ ಗದ್ದೆಯೋನ ಹೆಸರು ಕೇಳಿದಾಗ ನಂಗೆ ಬೂಟು ಯಾಕ, ಕಾಲೇ ಕತ್ತರ್ಸು ಅನ್ನಂಗಾಗಿತ್ತು. ಹರಿಹರಕ್ಕೆ ಬರ್ತೀಯಲ್ಲ? ನಲ್ಲಿ ನೋಡಿ ಅಲ್ಲ, ಕಾಟಪ್ಪನಿಗೆ ಹೆದರಿ ಅಲ್ಲ. ನಿಂಗೆ ಮನಸ್ಸಿದ್ರೆ."

ಮೈಲಮ್ಮ ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ನಿಮ್ಮೂರಾಗೆ ಹೊಗಳೋ ಹಂಗೇನೈತೆ? ಮನ್ಯಾಗೆ ಒಂದು ನಲ್ಲೀನೂ ಇಲ್ಲ."

"ಹೊಳೆ ಐತಲ್ಲ."

"ಹೊಳೆ ಸೋರಿದ್ರೆ?"

ಜಂಬಯ್ಯ ಕರವಸ್ತ್ರವನ್ನು ಮಡಿಸಿ ಎದೆಯ ಜೇಬಿಗಿಟ್ಟ. ಜಗಲಿಯ ಕಡೆ ಕಣ್ಣು ಹಾಯಿಸಿದ.

"ನೀನೇ ರಿಪೇರಿ ಮಾಡು," ಎಂದ. "ಇನ್ನೊಂದು ಬೂಟು ಹಂಗೇ ಐತೆ."